ಎಲೆಯೊಳಗಿನ ಕೆಂಪು ದಾರ

ಆಸ್ಪತ್ರೆಯಲ್ಲಿ ಸತ್ತವರ ಬಟ್ಟೆಯನ್ನು ಕಸದ ಚೀಲದಲ್ಲಿ ಕಟ್ಟಿ ಕೊಡುತ್ತಾರೆ. ಇದು ನಿಮಗೆ ಗೊತ್ತು. ನಿಮ್ಮಲ್ಲಿ ಎಷ್ಟೋ ಜನ ಆ ಚೀಲ ಹಿಡಿದು ಮನೆಗೆ ಬಂದಿದ್ದೀರಿ. ಕಪ್ಪು ಪ್ಲಾಸ್ಟಿಕ್ಕು, ಬಾಯಿಗೆ ಗಂಟು, ಗಂಟಿಗೆ ಸಿಕ್ಕಿಸಿದ ಒಂದು ಚೀಟಿ. ಅದೇ ಕಟ್ಟಿನಿಂದ ಹರಿದ ಇನ್ನೊಂದು ಚೀಲ ಕಟ್ಟಡದ ಹಿಂಬದಿಯಲ್ಲಿ ಹಣ್ಣಿನ ಸಿಪ್ಪೆ ತುಂಬಿಕೊಂಡು ಕಸದ ಲಾರಿಗೆ ಕಾಯುತ್ತಿರುತ್ತದೆ. ಕೌಂಟರಿನವನು ಸಹಿ ಹಾಕಿಸಿಕೊಂಡು ಚೀಲವನ್ನು ನಿಮ್ಮ ಕಡೆ ತಳ್ಳುತ್ತಾನೆ, ನೀವು ತೆಗೆದುಕೊಳ್ಳುತ್ತೀರಿ. ಆ ಹೊತ್ತಿನಲ್ಲಿ ಜಗಳವಾಡುವ ತ್ರಾಣ ಯಾರಿಗಿರುತ್ತದೆ? ತ್ರಾಣ ಇರುವುದಿಲ್ಲ ಎಂಬುದು ಆಸ್ಪತ್ರೆಗೂ ಗೊತ್ತು. ಅದನ್ನು ನಂಬಿಕೊಂಡೇ ಆ ಚೀಲ ಇಷ್ಟು ವರ್ಷ ಬಾಳಿಕೊಂಡು ಬಂದಿದೆ.

ಈ ಚೀಲದ ಎದುರು ನಿಂತ ಒಬ್ಬ ಹೆಂಗಸಿನ ವಿಷಯ ಹೇಳಬೇಕಾಗಿದೆ. ಆಕೆ ಮೈಕು ಹಿಡಿದವಳಲ್ಲ. ಅವಳ ಕೈಯಲ್ಲಿದ್ದದ್ದು ಒಂದು ಇಸ್ತ್ರಿಪೆಟ್ಟಿಗೆ, ಒಂದು ಕತ್ತರಿ, ಮತ್ತು ಮಕ್ಕಳು ಗ್ರೀಟಿಂಗ್ ಕಾರ್ಡಿಗೆ ಅಂಟಿಸುವ ಮಿನುಗು ನಾರಿನ ಒಂದು ಪೊಟ್ಟಣ.

ಆಸ್ಪತ್ರೆಯ ಲಾಂಡ್ರಿ ನೆಲಮಾಳಿಗೆಯಲ್ಲಿದೆ. ಮೆಟ್ಟಿಲಿಳಿಯುವಾಗಲೇ ಸೋಪು, ಸೋಡದ ಬಿಸಿ ಹಬೆ ಮೂಗಿಗೆ ಬಡಿಯುತ್ತದೆ. ಎಡಗಡೆ ನಾಲ್ಕು ದೊಡ್ಡ ವಾಷಿಂಗ್ ಮಷೀನು. ಬಲಗಡೆ, ಹಾಸಿಗೆಯ ಬಟ್ಟೆಗಳನ್ನು ಒಂದು ಕಡೆಯಿಂದ ನುಂಗಿ ಇನ್ನೊಂದು ಕಡೆಯಿಂದ ಚಪ್ಪಟೆಯಾಗಿ ಉಗುಳುವ ಉರುಳೆ ಯಂತ್ರ. ಆ ಯಂತ್ರ ಬಂದಮೇಲೆ ಕೈ ಇಸ್ತ್ರಿಯವರು ಐದು ಜನ ಇದ್ದದ್ದು ಇಬ್ಬರಾದರು. ಕೊನೆಯ ಮೂಲೆಯಲ್ಲಿ, ಕಂಬಳಿ ಹಾಸಿದ ಉದ್ದನೆಯ ಮೇಜು. ಮೇಜಿನ ಮೇಲೆ ಒಂದು ಮೊಳ ಅಗಲದ ಕಿಟಕಿ. ಅದರಾಚೆ ಕಾಣುವುದು ರಸ್ತೆಯಲ್ಲಿ ನಡೆಯುವವರ ಚಪ್ಪಲಿಗಳು ಮಾತ್ರ. ಆ ಮೇಜಿನ ಹಿಂದೆ ಇಪ್ಪತ್ತಾರು ವರ್ಷ ನಿಂತಿದ್ದಾಳೆ, ದೊಡ್ಡ ಡಾಕ್ಟರಿಂದ ಹಿಡಿದು ಕಸ ಗುಡಿಸುವವರ ತನಕ ಎಲ್ಲರೂ ಇಸ್ತ್ರಿಯಕ್ಕ ಎಂದು ಕರೆಯುವ ಈ ಹೆಂಗಸು. ಬಲಭುಜ ಎಡಭುಜಕ್ಕಿಂತ ಎರಡು ಬೆರಳು ಕೆಳಗಿಳಿದಿದೆ. ಮುಂಗೈಯಲ್ಲಿ ದೋಣಿಯಾಕಾರದ ಹಳೆಯ ಸುಟ್ಟ ಕಲೆ.

"ಅಮ್ಮನ ಜೊತೆ ಬಸ್ಸಲ್ಲಿ ಹೋಗೋದು ಅಂದ್ರೆ ಪ್ರಾಣಸಂಕಟ," ಎನ್ನುತ್ತಾಳೆ ಬೇಕರಿಯಲ್ಲಿ ಕೆಲಸ ಮಾಡುವ ಮಗಳು. "ಮುಂದಿನ ಸೀಟಿನವರ ಕಾಲರ್ ಮಡಚಿಕೊಂಡಿದ್ರೆ ಕೈ ಹಾಕಿ ಸರಿ ಮಾಡಿಬಿಡ್ತಾಳೆ. ಅವರು ತಿರುಗಿ ನೋಡಿದ್ರೆ ನಾನು ಕಿಟಕಿ ಕಡೆ ನೋಡ್ತೀನಿ."

ಲಾಂಡ್ರಿಯಲ್ಲಿ ಒಂದು ಕಟ್ಟಳೆ ಇದೆ. ಪ್ರತಿ ಇಸ್ತ್ರಿಪೆಟ್ಟಿಗೆಯ ಹಿಡಿಗೂ ಒಂದೊಂದು ಬಣ್ಣದ ಬಟ್ಟೆ ಸುತ್ತಿರುತ್ತದೆ. ಬಣ್ಣ ಯಾರದೋ ಪೆಟ್ಟಿಗೆ ಅವರದು. ಅವರಿಲ್ಲದೆ ಅದು ಕೋಣೆ ದಾಟುವಂತಿಲ್ಲ. ಹಿಂದೊಮ್ಮೆ ಯಾರೋ ಎರವಲು ಒಯ್ದು, ಆರಿಸುವುದನ್ನು ಮರೆತು, ಒಂದು ವಾರ್ಡಿನ ಪರದೆ ಸುಟ್ಟ ಮೇಲೆ ಹುಟ್ಟಿದ ಕಟ್ಟಳೆ. ಹಾಗಾಗಿ, ಮೂರನೆಯ ಮಹಡಿಯ ಮಕ್ಕಳ ವಾರ್ಡಿಗೆ ಒಂದು ಇಸ್ತ್ರಿಪೆಟ್ಟಿಗೆ ಬೇಕಂತೆ ಎಂದು ಫೋನು ಬಂದಾಗ, ಹಸಿರು ಬಟ್ಟೆ ಸುತ್ತಿದ ಪೆಟ್ಟಿಗೆಯ ಜೊತೆ ಇಸ್ತ್ರಿಯಕ್ಕನೂ ಲಿಫ್ಟ್ ಹತ್ತಿದಳು.

ಮಕ್ಕಳ ವಾರ್ಡಿಗೆ ಬುಧವಾರ ಬುಧವಾರ ಒಬ್ಬ ಕ್ರಾಫ್ಟ್ ಟೀಚರ್ ಬರುತ್ತಾರೆ. ಕಾಯಿಲೆಯ ಮಕ್ಕಳ ಕೈಯಲ್ಲಿ ಕಾರ್ಡು ಮಾಡಿಸುತ್ತಾರೆ. ಆ ದಿನ ಅವರು ಹೊಸದೊಂದು ಸಾಮಾನು ತಂದಿದ್ದರು: ಮಿನುಗು ನಾರು. ನೋಡಲು ಹಿಂಜಿದ ಅರಳೆಯ ಹಾಗೆ, ಹಿಡಿದರೆ ಕೈಯಲ್ಲಿ ಏನೂ ಇಲ್ಲವೆನ್ನುವಷ್ಟು ಹಗುರ, ಬಣ್ಣ ಮಾತ್ರ ಸೋಪಿನ ಗುಳ್ಳೆಯ ಮೈಮೇಲೆ ಓಡಾಡುತ್ತದಲ್ಲ, ಅದೇ. ತುಸು ಶಾಖ ತಾಗಿಸಿದರೆ ಎಳೆಗಳು ಒಂದಕ್ಕೊಂದು ಬೆಸೆದುಕೊಂಡು ತೆಳುವಾದ ಹೊಳೆಯುವ ಹಾಳೆಯಾಗುತ್ತದೆ. ಅದನ್ನು ಕತ್ತರಿಸಿ ಚಿಟ್ಟೆಯ ರೆಕ್ಕೆಯನ್ನೋ ಹೂವನ್ನೋ ಮಾಡಿ ಕಾರ್ಡಿಗೆ ಅಂಟಿಸಬಹುದು. ಟೀಚರ್ ಪೆಟ್ಟಿಗೆ ಇಸಿದುಕೊಂಡು ನಾರಿನ ಮೇಲೆ ಒತ್ತಿದರು. ಹಾಳೆಯಾಗಬೇಕಾದದ್ದು ಆರಿದ ಹಾಲಿನ ಕೆನೆಯ ಹಾಗೆ ಸುಕ್ಕಾಗಿ, ಕಂದಾಗಿ, ಮೂಲೆಗೆ ಮುದುರಿಕೊಂಡಿತು.

"ಟೀಚರ್, ಸುಡ್ತಾ ಇದೆ," ಎಂದಳು ಇಸ್ತ್ರಿಯಕ್ಕ.

"ಪೊಟ್ಟಣದ ಮೇಲೆ ಬಿಸಿ ಮಾಡಿ ಅಂತಲೇ ಬರೆದಿದೆಯಮ್ಮ."

"ಬಿಸಿ ಮಾಡಿ ಅಂತ ಬರೆದಿರಬಹುದು, ಬೇಯಿಸಿ ಅಂತ ಬರೆದಿಲ್ವಲ್ಲ. ರೇಷ್ಮೆಗೆ ಕೊಡೋ ಶಾಖ ಇದಕ್ಕೆ. ನೀವು ಜೀನ್ಸ್ ಪ್ಯಾಂಟಿನ ಶಾಖ ಕೊಟ್ಟಿದ್ದೀರಿ. ಕೊಡಿ ಇಲ್ಲಿ."

ಕಾಲಿಗೆ ಬ್ಯಾಂಡೇಜು ಸುತ್ತಿಸಿಕೊಂಡು ಕೂತಿದ್ದ ಒಬ್ಬ ಪುಟ್ಟ ಹುಡುಗಿ ಟೀಚರಿಗೂ ಬೈಗುಳ ಬೀಳುತ್ತದೆ ಎಂದು ಗೊತ್ತಾಗಿ ನಕ್ಕಳಂತೆ.

ಶಾಖವೇನೋ ಇಸ್ತ್ರಿಯಕ್ಕನಿಗೆ ಸರಿಯಾಗಿ ಸಿಕ್ಕಿತು. ಆದರೆ ಅವಳ ಮೊದಲ ಹಾಳೆಯೂ ಕೆಟ್ಟಿತು, ಬೇರೆ ಕಾರಣಕ್ಕೆ. ಇಪ್ಪತ್ತಾರು ವರ್ಷ ಪೆಟ್ಟಿಗೆಯನ್ನು ಜಾರಿಸಿದ ಕೈ ಅದು. ಇಟ್ಟ ಕೂಡಲೇ ತನ್ನಷ್ಟಕ್ಕೆ ಮುಂದೆ ಸರಿಯುತ್ತದೆ. ಈ ನಾರನ್ನು ಎರಡು ಕಾಗದಗಳ ನಡುವೆ ತೆಳ್ಳಗೆ ಹರಡಿ, ಮೇಲಿಂದ ಪೆಟ್ಟಿಗೆ ಇಟ್ಟು, ಎರಡು ಎಣಿಸಿ, ನೆಟ್ಟಗೆ ಎತ್ತಬೇಕು. ಜಾರಿಸಿದರೆ ಎಳೆಗಳೆಲ್ಲ ಒಂದು ಕಡೆ ಗುಡ್ಡೆಯಾಗುತ್ತವೆ. ಐವತ್ತು ದಾಟಿದ ಮೇಲೆ ಕೈಗೆ ಸುಮ್ಮನಿರುವುದನ್ನು ಕಲಿಸುವುದು ಸುಲಭವಲ್ಲ. ಮಗಳು ಬೇಕರಿಯಿಂದ ಟ್ರೇಗೆ ಹಾಸುವ ಕಾಗದದ ತುಂಡುಗಳನ್ನು ತಂದುಕೊಟ್ಟಳು, ಟೀಚರ್ ಒಂದು ಪೊಟ್ಟಣ ನಾರು ಕೊಟ್ಟರು. ಎರಡು ವಾರ ಮನೆಯ ಊಟದ ಮೇಜಿನ ಮೇಲೆ ಇಟ್ಟು, ಎಣಿಸಿ, ಎತ್ತಿ, ಬೈದುಕೊಂಡು, ಮತ್ತೆ ಇಟ್ಟು ಕಲಿತಳು. ಈಗ ಆಕೆಯ ಹಾಳೆ ಕಣ್ಣಿಗೆ ಹಿಡಿದರೆ ಆಚೆಗಿರುವವರ ಮುಖ ಕಾಣುತ್ತದೆ. ಅಷ್ಟು ತೆಳು, ಆದರೆ ಎಳೆದರೆ ಹರಿಯುವುದಿಲ್ಲ.

"ಇದು ಕಾಗದಕ್ಕೆ ಅಂಟಲ್ಲ, ಬಟ್ಟೆಗೂ ಅಂಟಲ್ಲ," ಎಂದು ಮಗಳಿಗೆ ತೋರಿಸಿದಳಂತೆ. "ತನ್ನವರಿಗೆ ಮಾತ್ರ ಅಂಟಿಕೊಳ್ಳುತ್ತೆ."

"ನಮ್ಮ ಚಿಕ್ಕಪ್ಪನ ಮನೆಯವರ ಹಾಗೆ," ಎಂದಳು ಮಗಳು.

"ಆದ್ರೆ ನೋಡು, ನಡುವೆ ಬೇರೆ ಏನಾದ್ರೂ ಇಟ್ಟರೆ ಬಿಡಲ್ಲ, ತಬ್ಬಿ ಹಿಡ್ಕೊಳ್ಳುತ್ತೆ. ಆ ಬುದ್ಧಿ ನಿನ್ನ ಚಿಕ್ಕಪ್ಪನಿಗಿಲ್ಲ." ಹಾಳೆಯ ನಡುವೆ ಅವಳು ಒಂದು ದಾರದ ತುಂಡು ಇಟ್ಟು ಬೆಸೆದಿದ್ದಳು. ಬೆಳಕಿಗೆ ಹಿಡಿದರೆ ಎಲೆಯ ನಡುನರದ ಹಾಗೆ ಕಾಣುತ್ತಿತ್ತು.

ಸತ್ತವರ ಬಟ್ಟೆಯ ಚೀಲಗಳು ವಾರ್ಡಿನಿಂದ ಲಾಂಡ್ರಿಗೆ ಇಳಿದು, ಮನೆಯವರು ಕಾಗದಪತ್ರಕ್ಕೆ ಬರುವ ತನಕ ಅವಳ ಮೇಜಿನ ಪಕ್ಕದ ಕಪಾಟಿನಲ್ಲಿ ಬಿದ್ದಿರುತ್ತಿದ್ದವು. ಒಗೆಯುವುದು ಯಾರ ಕೆಲಸವೂ ಆಗಿರಲಿಲ್ಲ. ಒಂದು ದಿನ ಒಂದು ಚೀಲ ಒಡೆಯಿತು. ಒದ್ದೆ ಶರ್ಟು, ಅದಕ್ಕೆ ಸುತ್ತಿಕೊಂಡ ಪ್ಯಾಂಟು, ಒಳಗೆ ಸಿಕ್ಕಿಕೊಂಡ ಕನ್ನಡಕ. ಇಸ್ತ್ರಿಯಕ್ಕ ಒಗೆದಳು, ಇಸ್ತ್ರಿ ಮಾಡಿದಳು, ಮಡಿಸಿ ಬಿಳಿ ಕಾಗದದಲ್ಲಿ ಸುತ್ತಿದಳು. ಯಾಕೆ ಮಾಡಿದೆ ಎಂದು ಕೇಳಿ ದೊಡ್ಡ ಉತ್ತರಕ್ಕೆ ಕಾದವರಿಗೆ ನಿರಾಸೆಯಾಗುತ್ತದೆ.

"ಮುದುಡಿದ ಬಟ್ಟೆ ನೋಡೋಕಾಗಲ್ಲ ನಂಗೆ. ಅದೊಂದು ಕಾಯಿಲೆ," ಎನ್ನುತ್ತಾಳೆ.

ಮಡಿಸಿದ ಗಂಟನ್ನು ಕೌಂಟರಿಗೆ ಕಳಿಸಿದಳು. ಕೌಂಟರಿನವನು ಅಭ್ಯಾಸಬಲದಿಂದ ಅದನ್ನು ಕಪ್ಪು ಚೀಲಕ್ಕೆ ತುರುಕಿ ಗಂಟು ಹಾಕಿದ. ಅವನ ಮೇಲೆ ಕೂಗಾಡಿ ಪ್ರಯೋಜನವಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆ ಕೈಯೂ ವರ್ಷಗಟ್ಟಲೆ ಒಂದೇ ಕಡೆ ಜಾರಿದ ಕೈ. ಹಾಗಾಗಿ ಮುಂದಿನ ಗಂಟಿನ ಮೇಲೆ ಒಂದು ಕಾರ್ಡು ಇಟ್ಟಳು. ಡಾಕ್ಟರುಗಳ ಕೈಗವಸು ಬರುವ ಡಬ್ಬಿಯ ರಟ್ಟು ಒಳಗಡೆ ಬೆಳ್ಳಗಿರುತ್ತದೆ. ಅದನ್ನು ಎರಡು ಮಡಿಕೆಯಾಗಿ ಮಡಿಸಿ, ಮುಂಭಾಗದಲ್ಲಿ ಎಲೆಯಾಕಾರದ ಕಿಂಡಿ ಕತ್ತರಿಸಿ, ಕಿಂಡಿಯ ಹಿಂದೆ ಮಿನುಗು ಹಾಳೆಯ ಎಲೆ ಅಂಟಿಸಿದ್ದಳು. ಉಪಾಯ ಇಷ್ಟೇ: ಹೊಳೆಯುವ ಕಾರ್ಡನ್ನು ಕಸದ ಚೀಲಕ್ಕೆ ತುರುಕಲು ಯಾರಿಗೂ ಕೈ ಬರುವುದಿಲ್ಲ. ಕೌಂಟರಿನವನಿಗೂ ಬರಲಿಲ್ಲ. ಗಂಟನ್ನು ಎರಡೂ ಕೈಯಲ್ಲಿ ಎತ್ತಿಕೊಟ್ಟನಂತೆ. ಒಂದು ಹಿಡಿ ಮಿನುಗು ನಾರು ಆ ಕೌಂಟರಿನಲ್ಲಿ ಮಾಡಿದ ಕೆಲಸವನ್ನು ಹತ್ತು ಸುತ್ತೋಲೆಗಳು ಮಾಡಿರಲಿಲ್ಲ.

ಆಮೇಲೆ ಎಲೆಗೆ ನರ ಬಂತು. ಪ್ರತಿ ಬಟ್ಟೆಯ ಒಳಹೊಲಿಗೆಯಲ್ಲೂ ದರ್ಜಿ ಕತ್ತರಿಸದೆ ಬಿಟ್ಟ ಒಂದು ತುಂಡು ದಾರ ನೇತಾಡುತ್ತಿರುತ್ತದೆ. ಇಸ್ತ್ರಿ ಮಾಡುವವರು ಅದನ್ನು ಕತ್ತರಿಸಿ ಎಸೆಯುತ್ತಾರೆ. ಇಸ್ತ್ರಿಯಕ್ಕ ಎಸೆಯಲಿಲ್ಲ, ನಾರಿನ ನಡುವೆ ಇಟ್ಟು ಬೆಸೆದಳು. ಹೊಲಿಗೆ ಬಿಚ್ಚುವುದಿಲ್ಲ, ಎಳೆ ಕೀಳುವುದಿಲ್ಲ, ನೇತಾಡುವುದನ್ನಷ್ಟೇ ತೆಗೆಯುತ್ತಾಳೆ. ಕಾರ್ಡಿನ ಒಳಗೆ ಸಾಂತ್ವನದ ಮಾತು ಒಂದೂ ಇರುವುದಿಲ್ಲ. ಲಾಂಡ್ರಿಯ ಚೀಟಿಯ ಹಾಗೆ, ದುಂಡಗೆ ಬರೆದಿರುತ್ತಾಳೆ: "ಶರ್ಟು ಒಂದು. ಪ್ಯಾಂಟು ಒಂದು. ಸಾಕ್ಸು ಒಂದು ಜೊತೆ. ಒಗೆದಿದೆ, ಇಸ್ತ್ರಿಯಾಗಿದೆ. ಎರಡನೇ ಗುಂಡಿ ಸಡಿಲವಿತ್ತು, ಹಾಕಿದ್ದೇನೆ. ಎಲೆಯೊಳಗಿನ ದಾರ ನಿಮ್ಮವರ ಬಟ್ಟೆಯದೇ." ಪದಕೋಶ ತಿರುವಿ ಹಾಕಿ ಬರೆದ ಎಷ್ಟೋ ಸಂತಾಪ ಸೂಚನೆಗಳನ್ನು ಓದಿದ್ದೇನೆ. ಎರಡನೇ ಗುಂಡಿಯ ಮುಂದೆ ಅವು ನಿಲ್ಲಲಾರವು.

ಅವಳ ಇನ್ನೊಂದು ನಿಯಮ ನೆನಪಿಡಿ. ಒಂದು ಸಲಕ್ಕೆ ಒಬ್ಬರು. ಒಬ್ಬರ ಗಂಟು ಕಟ್ಟಿ, ಕಾರ್ಡು ಇಟ್ಟು ಮುಗಿಯುವ ತನಕ ಇನ್ನೊಬ್ಬರ ಬಟ್ಟೆ ಮೇಜಿಗೆ ಬರುವಂತಿಲ್ಲ. ಎಲೆ ಕತ್ತರಿಸಿದ ಮೇಲೆ ಉಳಿಯುವ ಹಾಳೆಯ ಚೌಕಟ್ಟನ್ನೂ ಬಿಸಾಡುವುದಿಲ್ಲ; ತನ್ನ ನೋಟ್‌ಬುಕ್ಕಿನಲ್ಲಿ ಆಯಾ ಗಂಟಿನ ಪುಟಕ್ಕೆ ಸಿಕ್ಕಿಸಿಡುತ್ತಾಳೆ.

ಒಂದೂವರೆ ವರ್ಷ ಹೀಗೆ ನಡೆಯಿತು. ಕೆಳಗಿನ ಕೆಲಸ ಮೇಲಿನವರ ಕಿವಿಗೆ ಬಿತ್ತು. ಆಸ್ಪತ್ರೆಯ ಆಡಳಿತಾಧಿಕಾರಿ ಸಾಹೇಬರಿಗೆ ಇದು ಬಹಳ ಹಿಡಿಸಿತು. ಎಷ್ಟೆಂದರೆ, ಅದು ಅವರದೇ ಆಗಿಬಿಟ್ಟಿತು. "ನಮ್ಮ ಅನುಕಂಪ ಯೋಜನೆ" ಎಂದು ಹೆಸರಿಟ್ಟರು. ಯೋಜನೆಯ ಬಗ್ಗೆ ಎರಡು ಕಡೆ ಭಾಷಣ ಮಾಡಿದರು. ಭಾಷಣ ಮಾಡಿದ ಮನುಷ್ಯ ಒಂದೇ ಒಂದು ಕಾರ್ಡನ್ನೂ ಬಿಚ್ಚಿ ಒಳಗೆ ಏನಿದೆ ಎಂದು ಓದಿರಲಿಲ್ಲ; ದಾರದ ಸಂಗತಿ ಅವರಿಗೆ ಗೊತ್ತೇ ಇರಲಿಲ್ಲ ಎಂಬುದು ಆಮೇಲೆ ಹೊರಬಿತ್ತು. ಬೇರೆ ಆಸ್ಪತ್ರೆಗಳಿಂದ ಅತಿಥಿಗಳು ನೋಡಲು ಬಂದರು. ವಿಡಿಯೋದವನೂ ಬಂದ.

ಆ ದಿನ ಕಪಾಟಿನಲ್ಲಿ ಎರಡು ಗಂಟುಗಳಿದ್ದವು. ಒಂದು, ಬಸ್ ಡ್ರೈವರ್ ಒಬ್ಬರದು, ಕಡುನೀಲಿ ಸ್ವೆಟರು. ಇನ್ನೊಂದು, ಅಂಚೆ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದ ಒಬ್ಬ ಹೆಂಗಸಿನದು, ಕಡುಗೆಂಪು ಶಾಲು. ಸಾಹೇಬರು ಗಡಿಯಾರ ನೋಡಿಕೊಂಡರು.

"ಎರಡನ್ನೂ ಒಟ್ಟಿಗೇ ಮಾಡಿಬಿಡಮ್ಮ. ಇವರಿಗೆಲ್ಲ ಊಟಕ್ಕೆ ಹೊತ್ತಾಗುತ್ತೆ. ವಿಡಿಯೋದಲ್ಲೂ ಚೆನ್ನಾಗಿ ಬರುತ್ತೆ."

ಆಗಲ್ಲ ಎನ್ನಬಹುದಿತ್ತು. ಅನ್ನಲಿಲ್ಲ. ಆ ಭಾಗವನ್ನು ಇಸ್ತ್ರಿಯಕ್ಕ ಮುಚ್ಚಿಡುವುದಿಲ್ಲ. "ಸಾಹೇಬರು ಹೇಳಿದ್ದಕ್ಕೆ ಮಾಡ್ದೆ ಅಂದ್ರೆ ಸುಳ್ಳಾಗುತ್ತೆ," ಎನ್ನುತ್ತಾಳೆ. "ಅಷ್ಟು ಜನ ನನ್ನ ಕೈಯನ್ನೇ ನೋಡ್ತಿದ್ರು. ಇಪ್ಪತ್ತಾರು ವರ್ಷದಲ್ಲಿ ಯಾರೂ ನೋಡಿರಲಿಲ್ಲ. ನಂಗೂ ಜಂಬ ಬಂತು." ಎರಡು ದಾರ, ಎರಡು ಚಿಟಿಕೆ ನಾರು, ಒಂದೇ ಕಾಗದದ ಅಡಿಯಲ್ಲಿ ಅಕ್ಕಪಕ್ಕ. ಇಟ್ಟಳು, ಎಣಿಸಿದಳು, ಎತ್ತಿದಳು. ಅತಿಥಿಗಳು ಚಪ್ಪಾಳೆ ತಟ್ಟಿದರು. ಕಾಗದವನ್ನು ತಿರುಗಿಸಿ ಬಿಚ್ಚುವಾಗ ಎಡದ್ದು ಬಲಕ್ಕೆ ಬಂತು, ಬಲದ್ದು ಎಡಕ್ಕೆ. ವಿಡಿಯೋದವನು, ಸ್ವಲ್ಪ ನಗಿ ಮೇಡಂ, ಎನ್ನುತ್ತಿದ್ದ. ಎಲೆ ಕತ್ತರಿಸಿ, ಅಂಟಿಸಿ, ಗಂಟಿನ ಮೇಲಿಟ್ಟಳು. ಅದೇ ಮಧ್ಯಾಹ್ನ ಎರಡೂ ಮನೆಯವರು ಬಂದು ಒಯ್ದರು.

ಗೊತ್ತಾದದ್ದು ಒಂದು ವಾರ ಕಳೆದು, ನೋಟ್‌ಬುಕ್ಕಿನ ಹಳೆಯ ಪುಟ ತಿರುವುವಾಗ. ಡ್ರೈವರ್ ಪುಟಕ್ಕೆ ಸಿಕ್ಕಿಸಿದ್ದ ಚೌಕಟ್ಟಿನಲ್ಲಿ ದಾರದ ತುದಿ ಇಣುಕುತ್ತಿತ್ತು. ಕೆಂಪು. ಮುಂದಿನ ಪುಟದ್ದು ನೀಲಿ.

ಡ್ರೈವರ್ ಮನೆಗೆ ಅಂಚೆಯಮ್ಮನ ಶಾಲಿನ ದಾರ ಹೋಗಿತ್ತು. ಅಂಚೆಯಮ್ಮನ ಮನೆಗೆ ಡ್ರೈವರ್ ಸ್ವೆಟರಿನದು. ಒಳಗೆ ಎರಡರಲ್ಲೂ ಅವಳದೇ ದುಂಡಗಿನ ಅಕ್ಷರ: ಎಲೆಯೊಳಗಿನ ದಾರ ನಿಮ್ಮವರ ಬಟ್ಟೆಯದೇ.

ಇದು ಯಾರಿಗೆ ಗೊತ್ತಾಗುವ ತಪ್ಪು ಹೇಳಿ? ಗೊತ್ತಿದ್ದವಳು ಒಬ್ಬಳೇ.

ಮೊದಲು ಹೇಳಿದ್ದು ಲಾಂಡ್ರಿಯ ಸೂಪರ್‌ವೈಸರಿಗೆ. ಒಳ್ಳೆಯ ಮನುಷ್ಯ, ಎಲ್ಲ ಒಳ್ಳೆಯ ಮನುಷ್ಯರಂತೆ ಹೆದರಿಕೆಯವನು. ಬಾಗಿಲು ಹಾಕಿಕೊಂಡು ಕೂರಿಸಿದ. "ಅಕ್ಕ, ನನ್ನ ಮಾತು ಕೇಳು. ಇದನ್ನ ಬಾಯಿ ಬಿಟ್ಟರೆ ಮೊದಲು ಏಳೋ ಪ್ರಶ್ನೆ ದಾರ ಯಾಕೆ ತೆಗೆದೆ ಅಂತ. ಸತ್ತವರ ಸ್ವತ್ತಿಗೆ ಕೈ ಹಾಕಿದ್ಳು ಅಂತಾರೆ. ಕಾರ್ಡೂ ನಿಲ್ಲುತ್ತೆ, ಇಸ್ತ್ರಿನೂ ನಿಲ್ಲುತ್ತೆ, ಮತ್ತೆ ಅದೇ ಕಪ್ಪು ಚೀಲ. ಒಂದು ದಾರದ ತುಂಡಿಗೆ ಅಷ್ಟೆಲ್ಲ ಬೇಕಾ?"

ಮನೆಗೆ ಹೋಗಿ ಮಗಳಿಗೆ ಹೇಳಿದಳು. ಮಗಳು ಬೇಕರಿಯ ಹಿಟ್ಟು ಮೆತ್ತಿದ ಏಪ್ರನ್ ಒಗೆಯುತ್ತಿದ್ದಳು. "ಅಮ್ಮ, ಎಲೆ ಎಲೆನೇ. ಅವರು ಅಳ್ತಾ ಇರ್ತಾರೆ, ದಾರದ ಬಣ್ಣ ಯಾರು ನೋಡ್ತಾರೆ?"

"ಬಣ್ಣ ನೋಡ್ಲಿ ಅಂತಲೇ ತಾನೇ ನಾನು ಕಿಂಡಿ ಕತ್ತರಿಸಿದ್ದು."

ಮಗಳು ಏಪ್ರನ್ ಹಿಂಡುವುದನ್ನು ನಿಲ್ಲಿಸಿದಳು. "ಭಾನುವಾರ ನಂಗೆ ರಜ," ಎಂದಳು. "ಒಬ್ಬಳೇ ಹೋಗ್ಬೇಡ."

ಹೋಗುವ ಮೊದಲು ಇಸ್ತ್ರಿಯಕ್ಕ ಸಾಹೇಬರ ಕೋಣೆಗೂ ಹೋದಳು. ಬೆನ್ನ ಹಿಂದೆ ಏನನ್ನೂ ಮಾಡುವ ಜಾಯಮಾನ ಅಲ್ಲ ಅದು. ಸಾಹೇಬರು ಎಲ್ಲ ಕೇಳಿಸಿಕೊಂಡು, "ವಿಡಿಯೋ ಆಗಲೇ ಹೊರಗೆ ಹೋಗಿದೆಯಮ್ಮ. ಈಗ ಇದೆಲ್ಲ ಕೆದಕಬೇಡ. ಬಾಯಿಗೆ ಬೀಗ ಹಾಕ್ಕೊಂಡು ಕೆಲಸ ನೋಡು," ಎಂದರು. ಆಕೆ ಸರಿ ಸಾರ್ ಎನ್ನಲಿಲ್ಲ, ಆಗಲ್ಲ ಸಾರ್ ಎಂದೂ ಅನ್ನಲಿಲ್ಲ. ನಮಸ್ಕಾರ ಮಾಡಿ ಬಂದಳು.

ಡ್ರೈವರ್ ಮನೆ ಬಸ್ ಡಿಪೋದ ಹಿಂದಿನ ಗಲ್ಲಿಯಲ್ಲಿ. ಡಿಪೋದ ಗೇಟಿನಲ್ಲಿ ಕೇಳಿದರೆ ಯಾರು ಬೇಕಾದರೂ ದಾರಿ ತೋರಿಸುತ್ತಿದ್ದರು. ಮೊದಲ ಮಹಡಿ, ಒಂದೂವರೆ ಕೋಣೆ, ಮೆಟ್ಟಿಲ ಕೆಳಗೆ ಇನ್ನೂ ಯಾರೂ ತೆಗೆಯದ ಒಂದು ಜೊತೆ ದೊಡ್ಡ ಬೂಟು. ಬಾಗಿಲು ತೆರೆದವಳು ಡ್ರೈವರ್ ಹೆಂಡತಿ. ಗಟ್ಟಿ ಮೈಕಟ್ಟು, ಅತ್ತು ಅತ್ತು ದಪ್ಪಗಾದ ಕಣ್ಣು, ಆದರೆ ಮುಖದಲ್ಲಿ ದುಃಖಕ್ಕಿಂತ ಸಿಟ್ಟೇ ಮುಂದೆ ನಿಂತಿತ್ತು. ಕಾರ್ಡು ಅಡುಗೆ ಒಲೆಯ ಮೇಲಿನ ಕಿಟಕಿಯಲ್ಲಿತ್ತು. ಬೆಳಕು ಎಲೆಯನ್ನು ತೂರಿ ಬಂದು ಪಾತ್ರೆಗಳ ಮೇಲೆ ಬಿದ್ದಿತ್ತು. ನಡುವೆ ಕೆಂಪು ಗೆರೆ.

"ಇದು ಮಾಡಿದ್ದು ನಾನು," ಎಂದಳು ಇಸ್ತ್ರಿಯಕ್ಕ.

"ಓ. ನೀವಾ?" ಆ ಹೆಂಗಸು ಸೊಂಟಕ್ಕೆ ಕೈ ಕೊಟ್ಟು ನಿಂತಳು. "ಒಳ್ಳೇದಾಯ್ತು ಬಂದಿರಿ. ನಿಮ್ಮನ್ನೇ ಕೇಳಬೇಕು ಅಂತಿದ್ದೆ. ಈ ಕೆಂಪು ದಾರ ಅವರ ಬಟ್ಟೆಯದು ಅಂತ ಬರೆದಿದ್ದೀರಲ್ಲ. ಯಾವ ಬಟ್ಟೆಯದು?"

ಇಸ್ತ್ರಿಯಕ್ಕ ಬಾಯಿ ತೆರೆಯುವ ಮೊದಲೇ ಅವಳೇ ಮುಂದುವರಿಸಿದಳು.

"ಅವರ ಹತ್ರ ಕೆಂಪು ಅನ್ನೋದು ಒಂದು ಕರ್ಚೀಫೂ ಇರ್ಲಿಲ್ಲ. ಬಟ್ಟೆ ತರೋಳು ನಾನು, ಒಗಿಯೋಳು ನಾನು. ಹಾಗಿದ್ರೆ ಈ ದಾರ ಎಲ್ಲಿಂದ ಬಂತು? ಸ್ವೆಟರಿಗೆ ಯಾರದೋ ಕೆಂಪು ಬಟ್ಟೆ ತಾಗಿರಬೇಕು ತಾನೇ? ಹತ್ತು ದಿನ ಆಯ್ತು. ಅಡುಗೆ ಮಾಡ್ತಾ ಇದನ್ನ ನೋಡ್ತೀನಿ, ಸತ್ತವನ ಜೊತೆ ಜಗಳ ಆಡ್ತೀನಿ. ಯಾರವಳು ಹೇಳು ಅಂತೀನಿ. ಅವರು ಬದುಕಿದ್ದಾಗಲೇ ಬಾಯಿ ಬಿಡೋರಲ್ಲ, ಈಗ ಬಿಡ್ತಾರಾ?"

ಕೇಳಿಸಿಕೊಂಡಿರಾ? ಒಂದು ದಾರದ ತುಂಡಿಗೆ ಅಷ್ಟೆಲ್ಲ ಯಾಕೆ ಎಂದು ಸೂಪರ್‌ವೈಸರ್ ಹೇಳಿದ್ದ, ಕೆದಕಬೇಡ ಎಂದು ಸಾಹೇಬರು ಹೇಳಿದ್ದರು, ಬಣ್ಣ ಯಾರು ನೋಡುತ್ತಾರೆ ಎಂದು ಹೆತ್ತ ಮಗಳೂ ಹೇಳಿದ್ದಳು. ಇಪ್ಪತ್ತೆಂಟು ವರ್ಷದ ಸಂಸಾರವೊಂದು ಒಂದು ಬೆರಳುದ್ದದ ದಾರಕ್ಕೆ ನೇತುಬಿದ್ದಿತ್ತು. ಗಂಡನಿಗಾಗಿ ಅಳಬೇಕಾದ ಹತ್ತು ದಿನವನ್ನು ಆ ಹೆಂಗಸು ಇಲ್ಲದ ಸವತಿಯನ್ನು ಹುಡುಕುತ್ತ ಕಳೆದಿದ್ದಳು. ಬಾಯಿಗೆ ಬೀಗ ಹಾಕಿಕೊಂಡಿದ್ದರೆ ಅವಳ ಪಾಲಿಗೆ ಅದು ಹತ್ತು ದಿನಕ್ಕೆ ಮುಗಿಯುತ್ತಿರಲಿಲ್ಲ.

ಇಸ್ತ್ರಿಯಕ್ಕ ನೋಟ್‌ಬುಕ್ಕು ತೆರೆದು ಎರಡು ಪುಟ ತೋರಿಸಿದಳು. ಕೆಂಪು ತುದಿ, ನೀಲಿ ತುದಿ. ಅಂಚೆಯಮ್ಮನ ಶಾಲು, ಎರಡು ಗಂಟು ಒಟ್ಟಿಗೆ ಮಾಡಿದ್ದು, ಚಪ್ಪಾಳೆ, ಜಂಬ, ಎಲ್ಲ ಹೇಳಿದಳು. "ನಿಮ್ಮವರದು ನೀಲಿ. ಸ್ವೆಟರಿನ ತೋಳಿನೊಳಗೆ ನೇತಾಡ್ತಿತ್ತು. ತಪ್ಪು ನಂದು. ಅವರದಲ್ಲ."

ಡ್ರೈವರ್ ಹೆಂಡತಿ ಅಲ್ಲೇ ನೆಲದ ಮೇಲೆ ಕೂತಳು. ಆಮೇಲೆ ಗೋಡೆಯ ಮೇಲಿನ ಫೋಟೋದ ಕಡೆ ನೋಡಿ, "ಹೇಳೋಕೇನಾಗಿತ್ತು ನಿಮಗೆ," ಎಂದು ಗಂಡನನ್ನೇ ಗದರಿ, ಸೆರಗು ಬಾಯಿಗಿಟ್ಟು ಅಳತೊಡಗಿದಳು. ಅವಳ ಪಕ್ಕ ನೆಲದ ಮೇಲೆ ಇಸ್ತ್ರಿಯಕ್ಕನ ಮಗಳೂ ಕೂತಳು. ಅತ್ತು ಮುಗಿದ ಮೇಲೆ ಡ್ರೈವರ್ ಹೆಂಡತಿ ಮುಖ ತೊಳೆದು ಬಂದು ಕಾರ್ಡನ್ನು ಕಿಟಕಿಯಿಂದ ಇಳಿಸಿ ಬಟ್ಟೆಯಲ್ಲಿ ಒರೆಸಿದಳು.

"ಆ ಅಂಚೆಯಮ್ಮನ ಮನೆ ಎಲ್ಲಿ? ನಾನೂ ಬರ್ತೀನಿ. ಪಾಪ, ಹತ್ತು ದಿನ ಅವಳನ್ನ ಬಾಯಿಗೆ ಬಂದ ಹಾಗೆ ಬೈದಿದ್ದೀನಿ. ಮುಖ ತೋರಿಸದೆ ಇರೋಕಾಗುತ್ತಾ?"

ವಿಳಾಸಕ್ಕೆ ಮೂವರೂ ಅಂಚೆ ಕಚೇರಿಗೇ ಹೋದರು. ರಜೆಯ ದಿನವಾದರೂ ಹಿಂದಿನ ಕೋಣೆಯಲ್ಲಿದ್ದ ಕಾವಲುಗಾರ ಅಂಚೆಯಮ್ಮನ ಮನೆಯನ್ನು ಕೈ ಮಾಡಿ ತೋರಿಸಿದ. ಆ ಮನೆಯಲ್ಲಿದ್ದದ್ದು ಅಂಚೆಯಮ್ಮನ ಅಣ್ಣ, ಕಿವಿ ಅಷ್ಟಾಗಿ ಕೇಳದ ಹಿರಿಯರು. ಕಾರ್ಡನ್ನು ತಂಗಿಯ ಶಾಲಿನ ಮಡಿಕೆಯೊಳಗೇ ಇಟ್ಟಿದ್ದರು, ಬಣ್ಣ ಗಮನಿಸಿರಲಿಲ್ಲ. ಇಷ್ಟಕ್ಕೆ ಮೂರು ಜನ ಬಂದಿರಾ ಎಂದು ಎರಡು ಸಲ ಕೇಳಿದರು. ಡ್ರೈವರ್ ಹೆಂಡತಿ ತಂದ ಕೆಂಪು ದಾರದ ಎಲೆಯನ್ನು ಕಿಟಕಿಗೆ ಹಿಡಿದು ನೋಡಿ, ಮೂರನೆಯ ಸಲ ಕೇಳಲಿಲ್ಲ. ಇಸ್ತ್ರಿಯಕ್ಕ ಎರಡೂ ಕಾರ್ಡಿನ ಎಲೆಗಳನ್ನು ಬಿಡಿಸಿ, ಅದಲುಬದಲು ಮಾಡಿ ಅಂಟಿಸಿಕೊಟ್ಟಳು.

ಮನೆಗಳಿಗೆ ಹೋಗಿ ಬಂದ ಸುದ್ದಿ ಸೋಮವಾರ ಸಾಹೇಬರಿಗೆ ತಲುಪಿತು, ಸೂಪರ್‌ವೈಸರ್ ಹೇಳಿದ್ದೆಲ್ಲ ನಿಜವಾಯಿತು. "ಮೃತರ ಸ್ವತ್ತಿನಿಂದ ದಾರವನ್ನಾಗಲಿ ಇತರ ಯಾವುದೇ ವಸ್ತುವನ್ನಾಗಲಿ ತೆಗೆಯತಕ್ಕದ್ದಲ್ಲ. ಮೃತರ ಬಟ್ಟೆಗಳನ್ನು ಈ ಹಿಂದಿನ ಪದ್ಧತಿಯಂತೆ ಹಸ್ತಾಂತರಿಸತಕ್ಕದ್ದು" ಎಂದು ಆದೇಶ ಹೊರಬಿತ್ತು. ಹಿಂದಿನ ಪದ್ಧತಿ ಎಂದರೆ ಕಸದ ಚೀಲ. ಆ ಎರಡು ಶಬ್ದ ಬರೆಯಲು ಆದೇಶಕ್ಕೆ ನಾಚಿಕೆ. ರೋಗಿಯ ಕಡತವನ್ನೇ ಕಳೆದುಹಾಕಿ ಮನೆಯವರನ್ನು ವಾರಗಟ್ಟಲೆ ಅಲೆಸುವ ಕಚೇರಿ ಅದು. ಅದರ ತಪ್ಪಿಗೆ ಇಲ್ಲಿಯ ತನಕ ಯಾರೂ ಯಾರ ಮನೆಯ ಬಾಗಿಲಿಗೂ ಹೋಗಿದ್ದಿಲ್ಲ. ತಪ್ಪು ಒಪ್ಪಿಕೊಂಡವಳೇ ತಪ್ಪಿತಸ್ಥೆಯಾದಳು, ನಮ್ಮಲ್ಲಿ ಹಾಗೇ. ಹಸಿರು ಬಟ್ಟೆಯ ಪೆಟ್ಟಿಗೆ ಮತ್ತೆ ರೋಗಿಗಳ ಗೌನುಗಳ ಮೇಲೆ ಜಾರತೊಡಗಿತು. ಕೌಂಟರಿನ ಮೇಲೆ ತೂಗುಹಾಕಿದ ಟೀವಿಯಲ್ಲಿ ಅನುಕಂಪ ಯೋಜನೆಯ ವಿಡಿಯೋ ಮಾತ್ರ ಓಡುತ್ತಲೇ ಇತ್ತು: ಇಸ್ತ್ರಿಯಕ್ಕ ನಗುತ್ತಾಳೆ, ಅತಿಥಿಗಳು ಚಪ್ಪಾಳೆ ತಟ್ಟುತ್ತಾರೆ, ಅದೇ ಟೀವಿಯ ಕೆಳಗೆ ಕೌಂಟರಿನವನು ಕಪ್ಪು ಚೀಲ ತಳ್ಳುತ್ತಾನೆ.

ಇದನ್ನು ಕೇಳಿ ಡ್ರೈವರ್ ಹೆಂಡತಿ ಒಂದು ಬೆಳಿಗ್ಗೆ ಸಾಹೇಬರ ಕೋಣೆಯ ಹೊರಗಿನ ಬೆಂಚಿನ ಮೇಲೆ ಬಂದು ಕೂತಳು. ಮಾರನೆಯ ದಿನವೂ ಕೂತಳು. ಮೂರನೆಯ ದಿನ ತಿಂಡಿಯ ಡಬ್ಬಿಯ ಜೊತೆ ಬಂದಳು. ಡಬ್ಬಿ ಕಂಡು, ಇದು ಮುಗಿಯುವ ಹಾಗೆ ಕಾಣುವುದಿಲ್ಲ ಎಂದು ಸಾಹೇಬರು ಒಳಗೆ ಕರೆಸಿದರು.

"ಏನಮ್ಮ ನಿಮ್ಮ ದೂರು? ಆಕೆ ನಿಮ್ಮ ಗಂಡನ ಬಟ್ಟೆಯಿಂದ ದಾರ ತೆಗೆದಿದ್ದಾಳೆ. ನಾವು ನಿಮ್ಮ ಪರವಾಗಿಯೇ ಆದೇಶ ಮಾಡಿದ್ದು."

"ನನ್ನ ಪರವಾಗಿ ಮಾಡಿದ್ರೆ ನನ್ನ ಕೇಳಿ ಮಾಡ್ಬೇಕಿತ್ತು. ದಾರ ಅವಳು ತೆಗೆದಿದ್ದಲ್ಲ ಸಾರ್, ನಂಗೆ ಕೊಟ್ಟಿದ್ದು. ನೀವು ಏನು ಕೊಟ್ಟಿರಿ, ಅದನ್ನ ಹೇಳಿ."

ಆಕೆ ಅಲ್ಲಿಂದ ಎದ್ದಾಗ ಆದೇಶದ ಕೊನೆಯಲ್ಲಿ ಒಂದು ಸಾಲು ಸೇರಿತ್ತು: "ಸಂಬಂಧಿಕರು ಸ್ವತಃ ಕೇಳಿಕೊಂಡಲ್ಲಿ ಮಾತ್ರ ಇದಕ್ಕೆ ವಿನಾಯಿತಿ." ಅಷ್ಟೇ ಗೆದ್ದದ್ದು. ಆ ಸಾಲನ್ನು ಎಲ್ಲೂ ಅಂಟಿಸಿಲ್ಲ, ಟೀವಿಯಲ್ಲಿ ಹೇಳುವುದಿಲ್ಲ, ಕೌಂಟರಿನವನಿಗೆ ಹೇಳುವ ಅಪ್ಪಣೆಯಿಲ್ಲ. ಹಾಗಾಗಿ ಕೇಳುವವರೂ ಇಲ್ಲ. ಕಳೆದ ತಿಂಗಳು ಕೇಳಿದವರು ನಾಲ್ಕೇ ಜನ. ಆ ನಾಲ್ಕು ಗಂಟುಗಳನ್ನು ಇಸ್ತ್ರಿಯಕ್ಕ ಒಂದೊಂದಾಗಿ ಮೇಜಿಗೆ ತಂದಳು, ಒಂದು ಮುಗಿಯುವ ತನಕ ಇನ್ನೊಂದನ್ನು ಮುಟ್ಟಲಿಲ್ಲ. ಉಳಿದ ಹೊತ್ತು ಕೈಗವಸಿನ ಡಬ್ಬಿಗಳನ್ನು ಕತ್ತರಿಸಿ, ಎಲೆಯ ಕಿಂಡಿ ಮಾಡಿ, ಒಂದರ ಮೇಲೊಂದು ಜೋಡಿಸಿಡುತ್ತಾಳೆ. ಕಿಂಡಿಗಳು ಖಾಲಿ ಇವೆ. ಎಷ್ಟಿವೆ ಎಂದು ನೋಡಿದೆ. ಮೇಜಿನಿಂದ ಕಿಟಕಿಯ ತನಕ ಬಂದಿವೆ.

ನಿಮ್ಮೂರಿನ ಆಸ್ಪತ್ರೆಯಲ್ಲಿ ಇಂಥ ಹೆಂಗಸು ಇಲ್ಲ ಎಂದು ನನಗೆ ಹೇಳಬೇಡಿ. ಬಿಸಿ ಪೆಟ್ಟಿಗೆ ಹಿಡಿದವರು ಎಲ್ಲ ನೆಲಮಾಳಿಗೆಗಳಲ್ಲೂ ಇದ್ದಾರೆ, ಮುದುಡಿದ ಬಟ್ಟೆ ನೋಡಲಾಗದವರು ಅವರಲ್ಲೊಬ್ಬರು ಇದ್ದೇ ಇರುತ್ತಾರೆ. ಅವರ ಕೈಗೆ ಕೆಲಸ ತಲುಪಬೇಕಾದರೆ ನಡುವೆ ನೀವು ಬಾಯಿ ತೆರೆಯಬೇಕು. ಮುಂದಿನ ಸಲ, ಆ ಸಲ ಎಲ್ಲರ ಮನೆಗೂ ಬರುತ್ತದೆ, ಕೌಂಟರಿನ ಮೇಲೆ ಆ ಕಪ್ಪು ಚೀಲ ನಿಮ್ಮ ಕಡೆ ಸರಿದು ಬಂದಾಗ ಕೈ ಚಾಚಬೇಡಿ. ಸಹಿ ಹಾಕಬೇಡಿ. ಹಿಂದಕ್ಕೆ ತಳ್ಳಿ, ಒಗೆದು ಮಡಿಸಿ ಕೊಡಿ ಎಂದು ಕೇಳಿ. ಅವರು ತಂದುಕೊಡುವ ತನಕ ಬೆಂಚಿನ ಮೇಲೆ ಕೂತಿರಿ.